ಯಾರೂ ಹಾಕದ ಐಕಾನ್: ಮನೆಯ ಕಂಪ್ಯೂಟರಿನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಕಂಪ್ಯೂಟರು ಒಂದೇ ಮನೆಯ ಮೂವರು ಬಳಸುವ, ವಿಂಡೋಸ್ 11 ಇರುವ ಸಾಧಾರಣ ಯಂತ್ರ. ನಿವೃತ್ತಿಯ ನಂತರ ಮನೆಯ ಲೆಕ್ಕಪತ್ರ ಮತ್ತು ಬ್ಯಾಂಕಿನ ವ್ಯವಹಾರಗಳನ್ನು ಅದರಲ್ಲೇ ನೋಡಿಕೊಳ್ಳುವ ಅತ್ತೆ, ಕಚೇರಿಯ ಕೆಲಸದ ಸ್ವಲ್ಪ ಭಾಗವನ್ನು ಮನೆಗೆ ತರುವ ಸೊಸೆ, ಶಾಲೆಗೆ ಹೋಗುವ ಮೊಮ್ಮಗ, ಹೀಗೆ ಮೂವರಿಗೂ ಅದರಲ್ಲಿ ಪ್ರತ್ಯೇಕ ಖಾತೆಗಳಿವೆ. ಪ್ರಕರಣವನ್ನು ಬಿಡಿಸಲು ಮುಂದೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಈ ಪ್ರತ್ಯೇಕ ಖಾತೆಗಳೇ. ಒಂದು ಬೆಳಿಗ್ಗೆ ಅತ್ತೆ ಯಂತ್ರವನ್ನು ತೆರೆದಾಗ ಡೆಸ್ಕ್‌ಟಾಪಿನ ಎಡಗಡೆಯ ಸಾಲಿನ ಕೊನೆಯಲ್ಲಿ ತಾವು ಎಂದೂ ಕಾಣದ ಒಂದು ಐಕಾನ್ ಇರುವುದನ್ನು ಗಮನಿಸಿದರು. ನೀಲಿ ಫೋಲ್ಡರಿನ ಮೇಲೆ ಭೂತಗನ್ನಡಿಯ ಚಿತ್ರ, ಅದರ ಕೆಳಗೆ ಎರಡು ಇಂಗ್ಲಿಷ್ ಪದಗಳ ಹೆಸರು. ಆ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅಂಥ ಹೆಸರುಗಳನ್ನು ಒಳ್ಳೆಯ ತಂತ್ರಾಂಶಗಳೂ ಕೆಟ್ಟವೂ ಒಂದೇ ರೀತಿ ಇಟ್ಟುಕೊಳ್ಳುತ್ತವೆಯಾದ್ದರಿಂದ, ಹೆಸರಿನ ಮೇಲೆ ತೀರ್ಪು ಕೊಡುವ ಅಭ್ಯಾಸ ಬೆಳೆಯದಿರುವುದೇ ಲೇಸು.

ಮನೆಯಲ್ಲಿ ಎರಡು ಸಲಹೆಗಳು ಬಂದವು. “ಅಜ್ಜಿ, ಒಂದು ಸಲ ಓಪನ್ ಮಾಡಿ ನೋಡೋಣ, ಏನು ಅಂತ ಗೊತ್ತಾಗುತ್ತೆ” ಎಂದದ್ದು ಮೊಮ್ಮಗ. “ಬೇಡ ಅತ್ತೆ, ಡಿಲೀಟ್ ಮಾಡಿಬಿಡಿ” ಎಂದದ್ದು ಸೊಸೆ. ಅತ್ತೆ ಎರಡನ್ನೂ ಮಾಡದೆ, ಪರದೆಯನ್ನು ಹಾಗೆಯೇ ಬಿಟ್ಟು ನನ್ನನ್ನು ಕರೆದರು. ಈ ಎರಡು ಸಲಹೆಗಳಲ್ಲಿ ಮೊದಲನೆಯದು ಸ್ಪಷ್ಟವಾಗಿ ಅಪಾಯಕಾರಿ. ಐಕಾನನ್ನು ಡಬಲ್ ಕ್ಲಿಕ್ ಮಾಡುವುದೆಂದರೆ ಅದು ತೋರಿಸುವ ಕೆಲಸವನ್ನು ನಡೆಸಲು ನಾವೇ ಆದೇಶ ಕೊಟ್ಟಂತೆ. ಎರಡನೆಯದರಿಂದ ತಕ್ಷಣದ ಹಾನಿಯೇನೂ ಇಲ್ಲ, ಅಳಿಸಿದ ಐಕಾನ್ ರೀಸೈಕಲ್ ಬಿನ್‌ನಲ್ಲಿ ಉಳಿದಿರುತ್ತದೆ. ಆದರೆ ಅದು ತಪ್ಪು ಸಮಾಧಾನವನ್ನು ಕೊಡುತ್ತದೆ. ಡೆಸ್ಕ್‌ಟಾಪಿನಲ್ಲಿ ಕಾಣುವ ಬಹುಪಾಲು ಐಕಾನುಗಳು ಬೇರೆಲ್ಲೋ ಇರುವ ತಂತ್ರಾಂಶದತ್ತ ಬೆರಳು ತೋರಿಸುವ ಶಾರ್ಟ್‌ಕಟ್‌ಗಳು; ಬೆರಳನ್ನು ಮರೆಮಾಡಿದ ಮಾತ್ರಕ್ಕೆ ಅದು ತೋರುತ್ತಿದ್ದ ವಸ್ತು ಮನೆಯಿಂದ ಹೊರಗೆ ಹೋಗುವುದಿಲ್ಲ. ಯಾವಾಗ ಬಂತು, ಎಲ್ಲಿಂದ ಬಂತು, ಜೊತೆಯಲ್ಲಿ ಇನ್ನೇನು ಬಂತು ಎಂಬುದನ್ನು ತಿಳಿಯಲು ಇರುವ ಸುಲಭದ ದಾರಿಯೂ ಅದರೊಂದಿಗೆ ಮುಚ್ಚಿಹೋಗುತ್ತದೆ.

ಮೊದಲ ಪರೀಕ್ಷೆ: ಯಾರ ಯಾರ ಪರದೆಯಲ್ಲಿದೆ

ನಾನು ಮೊದಲು ಕೇಳಿದ್ದು ಐಕಾನಿನ ಬಗ್ಗೆ ಅಲ್ಲ. ಉಳಿದ ಇಬ್ಬರ ಖಾತೆಗಳಿಗೆ ಒಮ್ಮೆ ಪ್ರವೇಶಿಸಿ, ಅಲ್ಲಿಯೂ ಅದು ಕಾಣುತ್ತದೆಯೇ ನೋಡಿ ಎಂದು ಹೇಳಿದೆ. ಮೂರೂ ಖಾತೆಗಳಲ್ಲಿ ಅದೇ ಐಕಾನ್ ಇತ್ತು.

ಇದರಿಂದ ಎಷ್ಟು ತಿಳಿಯುತ್ತದೆ ಎಂಬುದನ್ನು ವಿವರಿಸಬೇಕಾದರೆ, ವಿಂಡೋಸಿನ ಡೆಸ್ಕ್‌ಟಾಪ್ ನಾವು ಅಂದುಕೊಂಡಂತೆ ಒಂದೇ ಜಾಗವಲ್ಲ ಎಂಬಲ್ಲಿಂದ ಆರಂಭಿಸಬೇಕು. ನಮ್ಮ ಕಣ್ಣಿಗೆ ಬೀಳುವ ಪರದೆಯು ಕನಿಷ್ಠ ಎರಡು ಫೋಲ್ಡರುಗಳ ಒಳಗಿರುವುದನ್ನು ಬೆರೆಸಿ ತೋರಿಸುತ್ತದೆ. ಒಂದು, ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ಬಳಕೆದಾರರ ಹೆಸರಿನಲ್ಲಿರುವ ಸ್ವಂತ ಡೆಸ್ಕ್‌ಟಾಪ್ ಫೋಲ್ಡರು. ಇನ್ನೊಂದು, ಅದೇ ಯೂಸರ್ಸ್ ಫೋಲ್ಡರಿನಲ್ಲಿ ಪಬ್ಲಿಕ್ ಎಂಬ ಹೆಸರಿನಡಿ ಇರುವ, ಸಾಮಾನ್ಯವಾಗಿ ಅಡಗಿಸಿಟ್ಟಿರುವ ಸಾರ್ವಜನಿಕ ಡೆಸ್ಕ್‌ಟಾಪ್ ಫೋಲ್ಡರು. ಸ್ವಂತ ಫೋಲ್ಡರಿನಲ್ಲಿ ಇಟ್ಟದ್ದು ಆ ಬಳಕೆದಾರರಿಗೆ ಮಾತ್ರ ಕಾಣುತ್ತದೆ, ಅದನ್ನು ಅಲ್ಲಿ ಇಡಲು ಯಾರ ಅನುಮತಿಯೂ ಬೇಕಾಗಿಲ್ಲ. ಸಾರ್ವಜನಿಕ ಫೋಲ್ಡರಿನಲ್ಲಿ ಇಟ್ಟದ್ದು ಎಲ್ಲರಿಗೂ ಕಾಣುತ್ತದೆ, ಆದರೆ ಅಲ್ಲಿ ಇಡಲು ಅಡ್ಮಿನಿಸ್ಟ್ರೇಟರ್ ಅಧಿಕಾರ, ಎಂದರೆ ಇಡೀ ಯಂತ್ರದಲ್ಲಿ ಬದಲಾವಣೆ ಮಾಡುವ ಹಕ್ಕು, ಬೇಕು. ಇವೆರಡರ ಹೊರತಾಗಿ, ರೀಸೈಕಲ್ ಬಿನ್‌ನಂತೆ ಯಾವ ಫೋಲ್ಡರಿನಲ್ಲೂ ಕಡತವಾಗಿ ಇಲ್ಲದೆ ವ್ಯವಸ್ಥೆಯೇ ಪರದೆಯ ಮೇಲೆ ತೋರಿಸುವ ಐಕಾನುಗಳೂ ಇವೆ. ಅವುಗಳ ಮಾತು ಮುಂದೆ ಬರುತ್ತದೆ.

ಹಾಗಾಗಿ, ಮೂವರಿಗೂ ಕಾಣುವ ಈ ಐಕಾನನ್ನು ಇಟ್ಟದ್ದು ಅಡ್ಮಿನಿಸ್ಟ್ರೇಟರ್ ಅಧಿಕಾರ ಪಡೆದ ಯಾವುದೋ ಒಂದು ತಂತ್ರಾಂಶ, ಮತ್ತು ಆ ಅಧಿಕಾರವನ್ನು ಕೊಟ್ಟದ್ದು ಬಹುಮಟ್ಟಿಗೆ ಈ ಮನೆಯ ಯಾರೋ ಒಬ್ಬರು. ಈ ಆ್ಯಪ್ ನಿಮ್ಮ ಸಾಧನದಲ್ಲಿ ಬದಲಾವಣೆ ಮಾಡಬಹುದೇ ಎಂದು ಪರದೆಯನ್ನು ಮಬ್ಬಾಗಿಸಿ ವಿಂಡೋಸ್ ಕೇಳುವ ಪ್ರಶ್ನೆಗೆ ಅವರು ಹೌದು ಎಂದು ಒತ್ತಿರಬೇಕು. ಇನ್ನೊಂದು ಅನುಮಾನವೂ ಇಲ್ಲಿಯೇ ಬಿದ್ದುಹೋಯಿತು. ಸೊಸೆಯ ಖಾತೆಯನ್ನು ಕಡತಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಳ್ಳುವ ಮೈಕ್ರೋಸಾಫ್ಟಿನ ಒನ್‌ಡ್ರೈವ್ ಸೇವೆಗೆ ಜೋಡಿಸಲಾಗಿತ್ತು. ಡೆಸ್ಕ್‌ಟಾಪಿನ ಬ್ಯಾಕಪ್ ಆನ್ ಆಗಿದ್ದರೆ, ಬೇರೊಂದು ಕಂಪ್ಯೂಟರಿನಲ್ಲಿ ಇಟ್ಟ ಶಾರ್ಟ್‌ಕಟ್ ಮನೆಯ ಪರದೆಗೂ ಬಂದು ಕೂರುತ್ತದೆ, ಮತ್ತು ಅದು ತೋರಿಸುವ ತಂತ್ರಾಂಶ ಇಲ್ಲಿಲ್ಲದ ಕಾರಣ ಬಿಳಿ ಹಾಳೆಯಂತೆ ಕಂಡು ಜನರನ್ನು ಹೆದರಿಸುತ್ತದೆ. ಆದರೆ ಹಾಗೆ ಬರುವುದು ಆ ಒಬ್ಬರ ಸ್ವಂತ ಡೆಸ್ಕ್‌ಟಾಪಿಗೆ ಮಾತ್ರ.

ಮನೆಯವರ ಶಂಕೆ ಅದಾಗಲೇ ಹುಡುಗನ ಮೇಲೆ ಹೋಗಿತ್ತು. ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಮಕ್ಕಳ ಮೇಲೆ ಗೂಬೆ ಕೂರಿಸುವುದು ಹೊಸತಲ್ಲ. ಅವನ ಖಾತೆ ಸ್ಟ್ಯಾಂಡರ್ಡ್ ಮಾದರಿಯದು. ಅಡ್ಮಿನಿಸ್ಟ್ರೇಟರ್ ಒಬ್ಬರ ಪಾಸ್‌ವರ್ಡ್ ಇಲ್ಲದೆ ಸಾರ್ವಜನಿಕ ಡೆಸ್ಕ್‌ಟಾಪಿನಲ್ಲಿ ಅವನಿಂದ ಏನನ್ನೂ ಇಡಿಸಲು ಆಗುತ್ತಿರಲಿಲ್ಲ. ಅತ್ತೆ ಮತ್ತು ಸೊಸೆ, ಇಬ್ಬರ ಖಾತೆಗಳೂ ಅಡ್ಮಿನಿಸ್ಟ್ರೇಟರ್ ಆಗಿದ್ದವು.

ತೆರೆಯದೆ ಓದುವುದು

ಐಕಾನಿನ ಎಡ ಕೆಳಮೂಲೆಯಲ್ಲಿ ಬಾಗಿದ ಬಾಣದ ಗುರುತಿತ್ತು, ಎಂದರೆ ಅದು ಶಾರ್ಟ್‌ಕಟ್. ಈ ಪುಟ್ಟ ಬಾಣವನ್ನು ಗಮನಿಸುವವರು ಕಡಿಮೆ, ಆದರೆ ಅದರ ಬೆಲೆ ಹೆಚ್ಚು. ಶಾರ್ಟ್‌ಕಟ್ ಕಡತಗಳ ಹೆಸರಿನ ಕೊನೆಗೆ ಎಲ್‌ಎನ್‌ಕೆ ಎಂಬ ವಿಸ್ತರಣೆ ಇರುತ್ತದೆ. ಕಡತಗಳ ವಿಸ್ತರಣೆಯನ್ನು ತೋರಿಸು ಎಂದು ನಾವು ವಿಂಡೋಸಿಗೆ ಹೇಳಿದ್ದರೂ ಇದೊಂದನ್ನು ಅದು ತೋರಿಸುವುದಿಲ್ಲ. ಹೀಗಾಗಿ ಪಿಡಿಎಫ್ ಎಂದು ಹೆಸರು ಮುಗಿಯುವ, ಪಿಡಿಎಫ್ ಚಿತ್ರವನ್ನೇ ಹೊತ್ತ ಶಾರ್ಟ್‌ಕಟ್ ಒಂದನ್ನು ನಿಜವಾದ ದಾಖಲೆಯಿಂದ ಬೇರ್ಪಡಿಸಿ ತೋರಿಸಲು ಹಲವೊಮ್ಮೆ ಆ ಬಾಣವೊಂದೇ ಉಳಿದಿರುತ್ತದೆ.

ಮೌಸಿನ ಬಲಗುಂಡಿ ಒತ್ತಿ, ಕಡತದ ವಿವರಗಳನ್ನು ತೋರಿಸುವ ಪ್ರಾಪರ್ಟೀಸ್ ತೆರೆಯುವುದರಿಂದ ಆ ತಂತ್ರಾಂಶ ಚಾಲನೆಗೊಳ್ಳುವುದಿಲ್ಲ. ಹೀಗೆ ಧೈರ್ಯವಾಗಿ ಹೇಳಲು ಆಗದಿದ್ದ ಕಾಲವೂ ಒಂದಿತ್ತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ ಬಳಸಿಕೊಂಡ ವಿಂಡೋಸಿನ ದೋಷಗಳಲ್ಲಿ ಒಂದು ಶಾರ್ಟ್‌ಕಟ್‌ಗೆ ಸಂಬಂಧಿಸಿದ್ದು. ಅಂಥ ಶಾರ್ಟ್‌ಕಟ್ ಇರುವ ಯುಎಸ್‌ಬಿ ಡ್ರೈವಿನ ಫೋಲ್ಡರನ್ನು ತೆರೆದು, ವಿಂಡೋಸ್ ಅದರ ಐಕಾನನ್ನು ಚಿತ್ರಿಸಿದರೆ ಸಾಕು, ಕ್ಲಿಕ್ ಮಾಡದಿದ್ದರೂ ಒಳಗಿನ ದುಷ್ಟ ತಂತ್ರಾಂಶ ಓಡುತ್ತಿತ್ತು. ಮೈಕ್ರೋಸಾಫ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ, ತನ್ನ ಮಾಸಿಕ ಸರದಿಗೂ ಕಾಯದೆ ಪರಿಹಾರವನ್ನು ಬಿಡುಗಡೆ ಮಾಡಿತು. ಆದ್ದರಿಂದ ನೋಡಿದರೆ ಏನೂ ಆಗದು ಎಂಬ ಮಾತು ಇಂದು ನಿಲ್ಲುವುದು ಅಪ್‌ಡೇಟ್ ಆದ ಯಂತ್ರದ ಮೇಲೆ ಮಾತ್ರ, ಮತ್ತು ನಾನು ಪ್ರಾಪರ್ಟೀಸ್ ತೆರೆಯುವ ಮೊದಲು ವಿಂಡೋಸ್ ಅಪ್‌ಡೇಟಿನ ಸ್ಥಿತಿಯನ್ನು ನೋಡಿಕೊಂಡದ್ದು ಆ ಕಾರಣಕ್ಕೆ.

ಪ್ರಾಪರ್ಟೀಸ್‌ನ ಜನರಲ್ ಪುಟದಲ್ಲಿ ಐಕಾನ್ ಇರುವ ಜಾಗ ಪಬ್ಲಿಕ್ ಡೆಸ್ಕ್‌ಟಾಪ್ ಎಂದೇ ಇತ್ತು. ಮೊದಲ ಪರೀಕ್ಷೆಯ ಊಹೆ ಖಚಿತವಾಯಿತು. ಸೃಷ್ಟಿಯಾದ ಸಮಯ ಹಿಂದಿನ ಸಂಜೆಯದು. ಶಾರ್ಟ್‌ಕಟ್ ಪುಟದ ಟಾರ್ಗೆಟ್ ಎಂಬ ಪೆಟ್ಟಿಗೆಯಲ್ಲಿ ಪ್ರೋಗ್ರಾಂ ಫೈಲ್ಸ್‌ನೊಳಗಿನ ಒಂದು ಫೋಲ್ಡರಿನ ಇಎಕ್ಸ್‌ಇ ಕಡತದ, ಎಂದರೆ ತಂತ್ರಾಂಶವನ್ನು ನಡೆಸುವ ಕಡತದ, ದಾರಿ ಇತ್ತು, ಅದರ ನಂತರ ಬೇರೇನೂ ಇರಲಿಲ್ಲ. ಈ ಬೇರೇನೂ ಇರಲಿಲ್ಲ ಎಂಬುದು ಮುಖ್ಯ. ಟಾರ್ಗೆಟ್‌ನಲ್ಲಿ ಪವರ್‌ಶೆಲ್ ಅಥವಾ ಸಿಎಂಡಿಯಂಥ, ಬರೆದ ಆದೇಶಗಳನ್ನು ನಡೆಸುವ ವಿಂಡೋಸಿನದೇ ಸಾಧನದ ಹೆಸರಿದ್ದು, ಅದರ ನಂತರ ಅರ್ಥವಾಗದ ಅಕ್ಷರಗಳ ಉದ್ದನೆಯ ಬಾಲವಿದ್ದರೆ ನನ್ನ ಲೆಕ್ಕದಲ್ಲಿ ಪ್ರಕರಣ ಅಲ್ಲಿಗೇ ಬೇರೆ ದಾರಿ ಹಿಡಿಯುತ್ತದೆ, ಮೊದಲು ಇಂಟರ್ನೆಟ್ ಸಂಪರ್ಕ ತೆಗೆಯಬೇಕಾಗುತ್ತದೆ. ಬ್ರೌಸರಿನ ಸರಿಯಾದ ದಾರಿಯೇ ಇದ್ದು, ಅದರ ಕೊನೆಗೆ ಒಂದು ಜಾಲತಾಣದ ವಿಳಾಸ ಅಂಟಿಕೊಂಡಿದ್ದರೆ, ಬ್ರೌಸರ್ ತೆರೆದಾಗಲೆಲ್ಲ ಯಾರದೋ ಪುಟಕ್ಕೆ ಕರೆದೊಯ್ಯುವ ಹುನ್ನಾರವೆಂದು ತಿಳಿಯಬಹುದು. ಕೆಲವು ಶಾರ್ಟ್‌ಕಟ್‌ಗಳಲ್ಲಿ ಟಾರ್ಗೆಟ್ ಪೆಟ್ಟಿಗೆ ಬೂದುಬಣ್ಣಕ್ಕೆ ತಿರುಗಿ ಬದಲಿಸಲಾಗದಂತೆ ಇರುತ್ತದೆ. ವಿಂಡೋಸ್ ಇನ್‌ಸ್ಟಾಲರ್ ಮೂಲಕ ಬಂದ ಸಭ್ಯ ತಂತ್ರಾಂಶಗಳಲ್ಲಿಯೂ ಹೀಗಿರುವುದರಿಂದ ಅದನ್ನೇ ಅಪರಾಧದ ಗುರುತೆಂದು ಹಿಡಿಯಬಾರದು.

ಪ್ರೋಗ್ರಾಂ ಫೈಲ್ಸ್‌ನಲ್ಲಿ ಇದೆ ಎಂದಮಾತ್ರಕ್ಕೆ ಒಳ್ಳೆಯದು ಎಂದೇನಲ್ಲ. ಅಧಿಕಾರ ಪಡೆದ ಯಾವುದೇ ತಂತ್ರಾಂಶ ಅಲ್ಲಿ ಮನೆ ಕಟ್ಟಿಕೊಳ್ಳಬಲ್ಲದು. ಆ ಇಎಕ್ಸ್‌ಇ ಕಡತದ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿಯ ಪುಟವೂ ಇತ್ತು, ಸಹಿ ಸಿಂಧುವಾಗಿಯೂ ಇತ್ತು. ಅದು ಹೇಳುವುದು ಸಹಿ ಹಾಕಿದ ಸಂಸ್ಥೆ ಯಾವುದು ಮತ್ತು ಸಹಿಯ ನಂತರ ಕಡತ ಬದಲಾಗಿಲ್ಲ ಎಂಬುದನ್ನು ಮಾತ್ರ. ಆ ಸಂಸ್ಥೆಯ ಉದ್ದೇಶವನ್ನಲ್ಲ.

ಹಿಂದಿನ ಸಂಜೆ

ಸೃಷ್ಟಿಯಾದ ಸಮಯ ಕೈಯಲ್ಲಿದ್ದುದರಿಂದ ಉಳಿದ ಹುಡುಕಾಟ ಕಷ್ಟವಾಗಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದಾಗ, ಅದೇ ದಿನ ಎರಡು ತಂತ್ರಾಂಶಗಳು ಒಳಬಂದಿರುವುದು ಕಂಡಿತು: ಐಕಾನಿನ ಹೆಸರಿನದು ಒಂದು, ಪಿಡಿಎಫ್ ಕಡತಗಳನ್ನು ಜೋಡಿಸುವ ಸಾಧನ ಇನ್ನೊಂದು. ಯಾರು ಹಾಕಿದ್ದು ಎಂದು ಕೇಳಿದರೆ ಮನೆಯಲ್ಲಿ ಉತ್ತರ ಸಿಗುವುದಿಲ್ಲ. ನಿನ್ನೆ ಸಂಜೆ ಇದರಲ್ಲಿ ಯಾವ ಕೆಲಸ ಆಗಬೇಕಿತ್ತು ಎಂದು ಕೇಳಿದರೆ ಸಿಗುತ್ತದೆ. ಸೊಸೆ ಕೂಡಲೇ ಹೇಳಿದರು: ಸ್ಕ್ಯಾನ್ ಮಾಡಿದ ಹಾಳೆಗಳನ್ನು ಒಂದೇ ಪಿಡಿಎಫ್ ಆಗಿ ಮಾಡಿ ಕಳುಹಿಸಬೇಕಿತ್ತು, ಅದಕ್ಕಾಗಿ ಒಂದು ಉಚಿತ ಸಾಧನವನ್ನು ಇಳಿಸಿಕೊಂಡಿದ್ದರು. “ಆದರೆ ಅತ್ತೆ, ಈ ಭೂತಗನ್ನಡಿಯದು ನಾನು ಹಾಕಿದ್ದಲ್ಲ” ಎಂದು ಅವರು ಸೇರಿಸಿದ್ದು ಅಪ್ಪಟ ಸತ್ಯ. ಅವರು ಒಂದನ್ನು ಕೇಳಿದ್ದರು, ಅದರ ಇನ್‌ಸ್ಟಾಲರ್ ಎರಡನ್ನು ತಂದಿತ್ತು.

ಇನ್‌ಸ್ಟಾಲರ್ ಕಡತ ಅವರ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಇತ್ತು. ಇಂಟರ್ನೆಟ್ಟಿನಿಂದ ಬ್ರೌಸರ್ ಮೂಲಕ ಇಳಿಸಿದ ಕಡತಕ್ಕೆ ವಿಂಡೋಸ್ ಕಣ್ಣಿಗೆ ಕಾಣದ ಒಂದು ಚೀಟಿಯನ್ನು ಅಂಟಿಸುತ್ತದೆ. ಝೋನ್ ಐಡೆಂಟಿಫೈಯರ್ ಎಂಬ ಈ ಚೀಟಿಯಲ್ಲಿ ಕಡತ ಹೊರಗಿನಿಂದ ಬಂದದ್ದು ಎಂಬುದರ ಜೊತೆಗೆ, ಬಹುಪಾಲು ಸಂದರ್ಭಗಳಲ್ಲಿ, ಯಾವ ವಿಳಾಸದಿಂದ ಬಂತು ಎಂಬುದೂ ಬರೆದಿರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಓದಿದಾಗ, ಆ ವಿಳಾಸ ಪಿಡಿಎಫ್ ಸಾಧನದ ತಯಾರಕರದಲ್ಲವೆಂದೂ, ಬೇರೆಯವರ ತಂತ್ರಾಂಶಗಳನ್ನು ತನ್ನದೇ ಇನ್‌ಸ್ಟಾಲರಿನಲ್ಲಿ ಸುತ್ತಿ ಹಂಚುವ ಒಂದು ತಾಣದ್ದೆಂದೂ ತಿಳಿಯಿತು. ಹುಡುಕಾಟದ ಫಲಿತಾಂಶಗಳ ತಲೆಯ ಮೇಲೆ ಬಂದ ಜಾಹೀರಾತನ್ನು ಒತ್ತಿ ಅಲ್ಲಿಗೆ ಹೋದ ನೆನಪು ಸೊಸೆಗೆ ಇತ್ತು. ಇಂಥ ಇನ್‌ಸ್ಟಾಲರುಗಳಲ್ಲಿ ಶಿಫಾರಸು ಮಾಡಿದ ವಿಧಾನ ಎಂಬುದನ್ನು ಮೊದಲೇ ಆಯ್ದು ಇಟ್ಟಿರುತ್ತಾರೆ. ಕಸ್ಟಮ್ ಎಂಬ ಮಂಕಾದ ಅಕ್ಷರಗಳನ್ನು ಒತ್ತಿದರೆ ಮಾತ್ರ ಜೊತೆಗೆ ಬರುವ ಬೇಡದ ಅತಿಥಿಗಳ ಪಟ್ಟಿ ಕಾಣುತ್ತದೆ. ಅವಸರದಲ್ಲಿರುವವರು ಅದನ್ನು ಒತ್ತುವುದಿಲ್ಲ ಎಂಬ ಲೆಕ್ಕದ ಮೇಲೆಯೇ ಈ ವ್ಯಾಪಾರ ನಿಂತಿದೆ, ಹಾಗಾಗಿ ಸೊಸೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಐಕಾನಿನ ಇಎಕ್ಸ್‌ಇ ಕಡತ ಎಂಥದ್ದೆಂದು ತಿಳಿಯಲು ಅದರ ಶಾ-256 ಹ್ಯಾಷ್, ಎಂದರೆ ಕಡತದ ಬೆರಳಚ್ಚಿನಂಥ ಗುರುತು, ತೆಗೆದು ವೈರಸ್‌ಟೋಟಲ್‌ನಲ್ಲಿ ಹುಡುಕಿದೆವು. 2004ರಲ್ಲಿ ಆರಂಭವಾಗಿ 2012ರಲ್ಲಿ ಗೂಗಲ್‌ನ ಕೈಸೇರಿದ ಈ ಸೇವೆಯು ಒಂದು ಕಡತದ ಬಗ್ಗೆ ಹಲವಾರು ಆಂಟಿವೈರಸ್‌ಗಳ ಅಭಿಪ್ರಾಯವನ್ನು ಒಟ್ಟಿಗೆ ತೋರಿಸುತ್ತದೆ. ಕಡತವನ್ನೇ ಕಳುಹಿಸುವ ಬದಲು ಹ್ಯಾಷ್‌ನಿಂದ ಹುಡುಕುವುದು ಒಳ್ಳೆಯ ರೂಢಿ, ಏಕೆಂದರೆ ಅಲ್ಲಿಗೆ ಕಳುಹಿಸಿದ ಕಡತಗಳು ಭದ್ರತಾ ಸಂಸ್ಥೆಗಳ ಜೊತೆ ಹಂಚಿಕೆಯಾಗುತ್ತವೆ. ತಂತ್ರಾಂಶದ ವಿಷಯದಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ ಡೆಸ್ಕ್‌ಟಾಪಿನಲ್ಲಿ ಸಿಕ್ಕ ಅನುಮಾನದ ದಾಖಲೆಯೊಂದು ಮನೆಯವರ ಖಾಸಗಿ ಪತ್ರವೇ ಆಗಿದ್ದರೆ ಮರಳಿ ಪಡೆಯಲಾಗದು. ಹಲವು ಆಂಟಿವೈರಸ್‌ಗಳು ಕಡತವನ್ನು ನಿರ್ದೋಷಿ ಎಂದಿದ್ದವು. ಕೆಲವು ಅದನ್ನು ಬೇಡದಿರಬಹುದಾದ ತಂತ್ರಾಂಶ ಎಂಬ ವರ್ಗಕ್ಕೆ ಸೇರಿಸಿದ್ದವು. ಪಾಸ್‌ವರ್ಡ್ ಕದಿಯುವ ಅಥವಾ ಕಡತಗಳಿಗೆ ಬೀಗ ಹಾಕುವ ಜಾತಿಯದೆಂದು ಯಾವುದೂ ಹೇಳಿರಲಿಲ್ಲ. ಒಟ್ಟಾರೆ, ಇದು ಕನ್ನಗಳ್ಳನಲ್ಲ, ಬಾಗಿಲಲ್ಲಿ ನಿಂತು ಜಾಹೀರಾತು ತುರುಕುವವನು ಎಂಬ ತೀರ್ಮಾನಕ್ಕೆ ಬಂದೆ.

ಐಕಾನ್ ತೆಗೆದಿದ್ದರೆ ಉಳಿಯುತ್ತಿದ್ದದ್ದು

ಯಂತ್ರ ಆರಂಭವಾದಾಗ ತಾನೇ ಏಳುವ ತಂತ್ರಾಂಶಗಳ ಪಟ್ಟಿಯಲ್ಲಿ ಅದೇ ಸಂಸ್ಥೆಯ ಹೆಸರಿತ್ತು. ನಿಗದಿಪಡಿಸಿದ ಕೆಲಸಗಳನ್ನು ತಾನೇ ನಡೆಸುವ ಟಾಸ್ಕ್ ಶೆಡ್ಯೂಲರಿನಲ್ಲಿ, ಬಳಕೆದಾರರು ಪ್ರವೇಶಿಸಿದಾಗಲೆಲ್ಲ ಅದರ ಅಪ್‌ಡೇಟರನ್ನು ಎಬ್ಬಿಸುವ ಒಂದು ಕಾರ್ಯ ನಮೂದಾಗಿತ್ತು. ಸೊಸೆಯ ಬ್ರೌಸರಿನಲ್ಲಿ ಹುಡುಕುವ ಎಂಜಿನ್ ಬದಲಾಗಿತ್ತು, ಅವರು ಅದನ್ನು ಬ್ರೌಸರಿನ ಹೊಸ ರೂಪವೆಂದೇ ಭಾವಿಸಿದ್ದರು. ಬೆಳಿಗ್ಗೆಯೇ ಐಕಾನನ್ನು ಅಳಿಸಿದ್ದರೆ ಈ ಮೂರೂ ಹಾಗೆಯೇ ಉಳಿದು, ಪರದೆ ಮಾತ್ರ ಸ್ವಚ್ಛವಾಗಿ ಕಾಣುತ್ತಿತ್ತು. ಬ್ರೌಸರಿನ ಮೆನುವಿನಲ್ಲಿ, ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಇದೆಯೇ ಎಂದೂ ನೋಡಿದೆ. ಯಾವ ಸಂಸ್ಥೆಗೂ ಸೇರದ ಮನೆಯ ಯಂತ್ರದಲ್ಲಿ ಆ ಸಾಲು ಕಂಡರೆ ಯಾವುದೋ ತಂತ್ರಾಂಶ ಬ್ರೌಸರಿಗೆ ನಿಯಮ ಹೇರಿದೆ ಎಂದು ಅರ್ಥ, ಮತ್ತು ಕೆಲವು ಆಂಟಿವೈರಸ್‌ಗಳೂ ಹೀಗೆ ಮಾಡುವುದುಂಟು. ಇಲ್ಲಿ ಅದು ಇರಲಿಲ್ಲ.

ತೆಗೆಯುವ ಕೆಲಸ ಹುಡುಕುವುದಕ್ಕಿಂತ ಬೇಗ ಮುಗಿಯಿತು. ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿದಾಗ ಐಕಾನ್ ತಾನಾಗಿಯೇ ಮೂರೂ ಖಾತೆಗಳಿಂದ ಹೋಯಿತು, ಆರಂಭದ ಪಟ್ಟಿಯಿಂದಲೂ ಹೆಸರು ಅಳಿಯಿತು. ಟಾಸ್ಕ್ ಶೆಡ್ಯೂಲರಿನ ನಮೂದು ಉಳಿದೇ ಇತ್ತು, ಅದನ್ನು ಕೈಯಾರೆ ತೆಗೆಯಬೇಕಾಯಿತು. ಹುಡುಕುವ ಎಂಜಿನ್ನನ್ನೂ ಹಾಗೆಯೇ ಮರಳಿ ಹೊಂದಿಸಿದೆವು. ನಂತರ ಮೈಕ್ರೋಸಾಫ್ಟ್ ಡಿಫೆಂಡರಿನ ಪೂರ್ಣ ಸ್ಕ್ಯಾನ್, ಅದರ ಮೇಲೆ ಆಫ್‌ಲೈನ್ ಸ್ಕ್ಯಾನ್. ಈ ಎರಡನೆಯದು ಯಂತ್ರವನ್ನು ಮತ್ತೆ ಆರಂಭಿಸಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕಾಟ ನಡೆಸುತ್ತದೆ, ಸುಮಾರು 15 ನಿಮಿಷ ಹಿಡಿಯುತ್ತದೆ. ಎರಡರಲ್ಲೂ ಏನೂ ಸಿಗಲಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಬದಲಿಸಬೇಕೇ ಎಂದು ಅತ್ತೆ ಕೇಳಿದರು. ಸಿಕ್ಕ ಸಾಕ್ಷ್ಯದ ಮೇಲೆ ಅದು ಕಡ್ಡಾಯವಾಗಿರಲಿಲ್ಲ, ಆದರೆ ಬದಲಿಸಿದರೆ ಆಗುವ ನಷ್ಟವೂ ಇಲ್ಲವಾದ್ದರಿಂದ ಬೇರೊಂದು ಸಾಧನದಿಂದ ಬದಲಿಸಲು ಹೇಳಿದೆ.

ಇಷ್ಟಾದ ಮೇಲೆ ಮೊಮ್ಮಗ, ತನ್ನ ಮೇಲಿನ ಅನುಮಾನ ಕಳೆದದ್ದು ಖಾತ್ರಿಯಾದ ಧೈರ್ಯದಲ್ಲಿ, ತನ್ನ ಖಾತೆಯಲ್ಲಿ ಇನ್ನೊಂದು ಐಕಾನ್ ಇರುವುದನ್ನು ಹೇಳಿದ. ಅದು ಬಹಳ ದಿನದಿಂದ ಇದೆ, ಅಳಿಸಲು ನೋಡಿದರೂ ಹೋಗುವುದಿಲ್ಲ, ಬೈಸಿಕೊಳ್ಳಬೇಕಾದೀತೆಂದು ಸುಮ್ಮನಿದ್ದನಂತೆ. ಬಲಗುಂಡಿ ಒತ್ತಿದರೆ ಬಂದ ಮೆನುವಿನಲ್ಲಿ ಡಿಲೀಟ್ ಎಂಬುದೇ ಇರಲಿಲ್ಲ. ಡೆಸ್ಕ್‌ಟಾಪ್ ಫೋಲ್ಡರನ್ನು ಅದರ ಪೂರ್ಣ ವಿಳಾಸ ಬರೆದು ತೆರೆದರೆ ಅಲ್ಲಿ ಆ ಹೆಸರಿನ ಕಡತವೇ ಇರಲಿಲ್ಲ. ಮೊದಲ ಐಕಾನಿಗೆ ಹೋಲಿಸಿದರೆ ಇದು ಎಲ್ಲ ಬಗೆಯಲ್ಲೂ ಹೆಚ್ಚು ಸಂಶಯಾಸ್ಪದವಾಗಿ ವರ್ತಿಸುತ್ತಿತ್ತು, ಆದರೂ ಇದು ಸಂಪೂರ್ಣ ನಿರಪಾಯಕಾರಿ. ಲರ್ನ್ ಅಬೌಟ್ ದಿಸ್ ಪಿಕ್ಚರ್ ಎಂಬ ಹೆಸರಿನ ಇದು, ಡೆಸ್ಕ್‌ಟಾಪಿನ ಹಿನ್ನೆಲೆಗೆ ತಾನಾಗಿ ಬದಲಾಗುವ ಚಿತ್ರಗಳ ವಿಂಡೋಸ್ ಸ್ಪಾಟ್‌ಲೈಟ್ ಆಯ್ದುಕೊಂಡರೆ, ಆ ಚಿತ್ರದ ಬಗ್ಗೆ ತಿಳಿಸಲು ವಿಂಡೋಸೇ ಇಡುವ ಐಕಾನ್. ರೀಸೈಕಲ್ ಬಿನ್‌ನ ಜಾತಿಗೆ ಸೇರಿದ್ದು, ಕಡತವಲ್ಲ, ಅದಕ್ಕೇ ಕಡತದಂತೆ ಅಳಿಸಲು ಬರುವುದಿಲ್ಲ. ಹಿನ್ನೆಲೆ ಚಿತ್ರವನ್ನು ಆಯ್ದುಕೊಳ್ಳುವುದು ಪ್ರತಿ ಖಾತೆಯ ಸ್ವಂತ ವಿಷಯವಾದ್ದರಿಂದ ಅವನೊಬ್ಬನಿಗೆ ಮಾತ್ರ ಕಾಣುತ್ತಿತ್ತು. ಪರ್ಸನಲೈಸೇಶನ್‌ನಲ್ಲಿ ಹಿನ್ನೆಲೆಯನ್ನು ಒಂದು ಸ್ಥಿರ ಚಿತ್ರಕ್ಕೆ ಬದಲಿಸಿದಾಗ ಐಕಾನ್ ಮಾಯವಾಯಿತು. ತನಗೆ ದಿನವೂ ಬದಲಾಗುವ ಚಿತ್ರಗಳೇ ಇಷ್ಟವೆಂದು ಹುಡುಗ ಅದನ್ನು ಮತ್ತೆ ಹಾಕಿಕೊಂಡ, ಐಕಾನ್ ಸಹಿತ.

ಸಲೀಸಾಗಿ ಅನ್‌ಇನ್‌ಸ್ಟಾಲ್ ಆಗಿ ಹೋದದ್ದು ಬೇಡದ ತಂತ್ರಾಂಶ, ಹಟ ಹಿಡಿದು ಕೂತದ್ದು ನಿರಪರಾಧಿ. ಐಕಾನಿನ ಚಹರೆ ಮತ್ತು ಮೊಂಡುತನಗಳನ್ನು ನೋಡಿ ಅಪಾಯವನ್ನು ಅಳೆಯುವವರು ಈ ಮನೆಯಲ್ಲಿ ಎರಡು ಸಲವೂ ತಪ್ಪುತ್ತಿದ್ದರು. ಇದೇ ಸಾಲಿಗೆ ಸೇರುವ ಇನ್ನೊಂದು ಸಾಮಾನ್ಯ ಗಾಬರಿಯನ್ನೂ ಹೇಳಿಬಿಡಬಹುದು: ರಕ್ಷಿತ ಕಡತಗಳನ್ನು ತೋರಿಸುವ ಆಯ್ಕೆಯನ್ನು ಯಾರಾದರೂ ಆನ್ ಮಾಡಿದರೆ, ಡೆಸ್ಕ್‌ಟಾಪ್.ಐಎನ್‌ಐ ಎಂಬ ಮಂಕಾದ ಐಕಾನ್ ಒಂದಲ್ಲ, ಎರಡು ಕಾಣಿಸಿಕೊಳ್ಳುತ್ತವೆ. ಒಂದೇ ಹೆಸರಿನ ಎರಡು ಕಡತ ಒಂದೇ ಜಾಗದಲ್ಲಿ ಇರಲಾರದು ಎಂದು ತಿಳಿದವರು ಇನ್ನಷ್ಟು ಹೆದರುತ್ತಾರೆ. ಒಂದು ಸ್ವಂತ ಡೆಸ್ಕ್‌ಟಾಪಿನದು, ಇನ್ನೊಂದು ಸಾರ್ವಜನಿಕ ಡೆಸ್ಕ್‌ಟಾಪಿನದು.

ಯಂತ್ರದ ವ್ಯವಸ್ಥೆಯಲ್ಲಿ ಎರಡು ಬದಲಾವಣೆ ಮಾಡಿದೆವು. ವಿಂಡೋಸ್ ಸೆಕ್ಯೂರಿಟಿಯಲ್ಲಿ ಬೇಡದಿರಬಹುದಾದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆಫ್ ಆಗಿತ್ತು, ಅದನ್ನು ಆನ್ ಮಾಡಿದೆವು. ಅತ್ತೆ ಮತ್ತು ಸೊಸೆಯ ದಿನಬಳಕೆಯ ಖಾತೆಗಳನ್ನು ಸ್ಟ್ಯಾಂಡರ್ಡ್ ಮಾದರಿಗೆ ಇಳಿಸಿ, ಅಡ್ಮಿನಿಸ್ಟ್ರೇಟರ್ ಕೆಲಸಕ್ಕೆಂದೇ ಪಾಸ್‌ವರ್ಡ್ ಇರುವ ಬೇರೊಂದು ಖಾತೆಯನ್ನು ತೆರೆದೆವು. ಸೊಸೆಗೆ ಇದು ಕಿರಿಕಿರಿಯೆನಿಸಿತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಹೌದು ಎಂದು ಒತ್ತುವುದಕ್ಕೂ ಪಾಸ್‌ವರ್ಡ್ ಬರೆಯುವುದಕ್ಕೂ ನಡುವೆ ಇರುವ ಆ ಕೆಲವು ಕ್ಷಣಗಳ ತಡೆಗಾಗಿಯೇ ಇದನ್ನು ಮಾಡಿದ್ದು ಎಂದು ವಿವರಿಸಿದ ಮೇಲೆ ಒಪ್ಪಿದರು.

ಪಿಡಿಎಫ್ ಜೋಡಿಸುವ ಸಾಧನವನ್ನೂ ಅದರ ಇನ್‌ಸ್ಟಾಲರಿನ ಜೊತೆಗೇ ತೆಗೆದುಹಾಕಿದೆವು. ಸಾಧನದಲ್ಲಿ ದೋಷ ಕಂಡಿದ್ದರಿಂದಲ್ಲ, ಅದು ಬಂದ ದಾರಿ ನಂಬುವಂಥದ್ದಾಗಿರಲಿಲ್ಲ. ಸೊಸೆಯ ಸ್ಕ್ಯಾನ್ ಹಾಳೆಗಳು ಪ್ರತ್ಯೇಕ ಚಿತ್ರಗಳಾಗಿದ್ದವು. ಫೋಲ್ಡರಿನಲ್ಲಿ ಅವೆಲ್ಲವನ್ನೂ ಒಟ್ಟಿಗೆ ಆಯ್ದು, ಬಲಗುಂಡಿಯ ಮೆನುವಿನಿಂದ ಪ್ರಿಂಟ್ ಒತ್ತಿ, ಪ್ರಿಂಟರಿನ ಜಾಗದಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಎಂಬುದನ್ನು ಆರಿಸಿದರೆ, ಎಲ್ಲ ಹಾಳೆಗಳೂ ಸೇರಿದ ಒಂದೇ ಕಡತ ಸಿಗುತ್ತದೆ. ಈ ಸೌಲಭ್ಯ ವಿಂಡೋಸ್ 10ರಿಂದಲೂ ವ್ಯವಸ್ಥೆಯೊಳಗೇ ಇದೆ. ಮೊದಲೇ ಪಿಡಿಎಫ್ ಆಗಿರುವ ಕಡತಗಳನ್ನು ಜೋಡಿಸಲು ಇದು ಸಾಲದು. ಅಂಥ ಅಗತ್ಯ ಬಂದರೆ ತಯಾರಕರ ತಾಣದಿಂದಲೇ ಸಾಧನವನ್ನು ತರಿಸಿ, ಹೊಸ ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ಬರೆದು ಹಾಕಿಕೊಳ್ಳುವುದೆಂದು ತೀರ್ಮಾನವಾಯಿತು.